ಹೊಗೆಯ ಬಂಧನ

ವ್ಯಸನವು ಮೊದಲಲ್ಲಿ ನೂಲೆಳೆ, ಕಡೆಯಲ್ಲಿ ಹಗ್ಗ. ಹೊಗೆಸೊಪ್ಪಿನಲ್ಲಿ ಆ ಹಗ್ಗವನ್ನು ಹೊಸೆಯುವುದು ನಿಕೋಟಿನ್. ಆದುದರಿಂದಲೇ ಅಮೆರಿಕಾದ ಆಹಾರೌಷಧ ಇಲಾಖೆಯು 2025ರ ಜನವರಿಯಲ್ಲಿ, ಸಿಗರೇಟಿನ ಒಂದು ಗ್ರಾಂ ಹೊಗೆಸೊಪ್ಪಿನಲ್ಲಿ ನಿಕೋಟಿನ್ 0.7 ಮಿಲಿಗ್ರಾಂ ಮೀರಬಾರದೆಂಬ ನಿಯಮವನ್ನು ಸೂಚಿಸಿತು.

ಕುತೂಹಲದಿಂದ ಮೊದಲ ಸಿಗರೇಟು ಹಚ್ಚುವ 16ರ ಹುಡುಗನ ಮಿದುಳು ಇನ್ನೂ ಬಲಿಯುತ್ತಿರುತ್ತದೆ. ಆಗ ಚಟ ಹತ್ತದಿದ್ದರೆ ಆಯುಷ್ಯವೇ ಉಳಿದಂತೆ. 40 ವರ್ಷ ಸೇದಿದ ಹಿರಿಯನ ಪಾಡು ಬೇರೆ. 2015ರಲ್ಲಿ ಪ್ರಕಟವಾದ 840 ವಯಸ್ಕರ ಪರೀಕ್ಷೆಯಲ್ಲಿ, ನಿಕೋಟಿನ್ ಬಹಳ ತಗ್ಗಿದ ಸಿಗರೇಟು ಪಡೆದವರು ಇತರರಿಗಿಂತ ಕಡಿಮೆ ಸೇದಿದರೆಂಬುದು ನಿಜ. ಆದರೆ ಊಟ ಮುಗಿದ ಗಳಿಗೆ, ಕೈಯಲ್ಲಿನ ಕಾಫಿಯ ಬಟ್ಟಲು, ಇವೂ ಹಳೆಯ ಅಭ್ಯಾಸವನ್ನು ಕರೆಯುತ್ತವೆ. ಅರ್ಬುದವನ್ನು ತರುವುದಾದರೋ ಮುಖ್ಯವಾಗಿ ಹೊಗೆ. ಅದು ಹಾಗೆಯೇ ಉಳಿದಿದೆ.

ಇಂತಹ ನಿಯಮವು ಎಳೆಯರಿಗೆ ಬೇಲಿ, ಹಿರಿಯರಿಗೆ ಸಡಿಲಿದ ಗಂಟು. ಗಂಟನ್ನು ಬಿಚ್ಚಲು ವೈದ್ಯರ ನೆರವೂ ಮನೆಯವರ ತಾಳ್ಮೆಯೂ ಬೇಕು.