ಹಲ್ಲಿಮರಿಯ ನಂಬಿಕೆ

ಅಮೆರಿಕ, ಯೂರೋಪುಗಳ ಮನೆಗಳಲ್ಲಿ ಮಕ್ಕಳು ಅಕ್ಕರೆಯಿಂದ ಸಾಕುವ ಹಲ್ಲಿಯೊಂದುಂಟು. ಬೆಳೆದ ಮೇಲೆ ಮೈತುಂಬ ಚಿರತೆಯಂತೆ ಚುಕ್ಕೆಗಳು ಮೂಡುವುದರಿಂದ ಅದಕ್ಕೆ ಲೆಪರ್ಡ್ ಗೆಕೊ, ಎಂದರೆ ಚಿರತೆ ಹಲ್ಲಿ, ಎಂದು ಹೆಸರು. ಆಫ್ಘಾನಿಸ್ತಾನ, ಪಾಕಿಸ್ತಾನಗಳ ಒಣ ಕಲ್ಲುಭೂಮಿ ಅದರ ತವರು. ನಮ್ಮ ಗೋಡೆಯ ಹಲ್ಲಿಗಿಲ್ಲದ ಎವೆಗಳು ಅದಕ್ಕಿವೆ. ಗೋಡೆಯೇರುವ ಅಂಟುಪಾದ ಮಾತ್ರ ಇಲ್ಲ. (ನಮ್ಮ ಕಾಡಿನ ಉಡವನ್ನು ಸಾಕುವ ಆಸೆ ಯಾರಿಗಾದರೂ ಹುಟ್ಟಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ನಿಲ್ಲುತ್ತದೆ, ನಿಲ್ಲಬೇಕಾದದ್ದೇ.)

ಮರಿ ಬಹಳ ಪುಕ್ಕಲು. ಮೇಲಿನಿಂದ ಇಳಿದು ಬರುವ ಕೈ ಅದಕ್ಕೆ ಹದ್ದಿನ ಉಗುರಿನಂತೆಯೇ ತೋರುತ್ತದೆ. ತೀರ ಬೆದರಿದರೆ ಬಾಲವನ್ನೇ ಕಳಚಿ ಓಡುತ್ತದೆ. ಆ ಬಾಲವಾದರೋ ಹಸಿವಿನ ದಿನಗಳಿಗೆಂದು ಕೊಬ್ಬನ್ನು ಕೂಡಿಟ್ಟ ಕಣಜ. ಮತ್ತೆ ಚಿಗುರುವುದು ಮೊಂಡು ಬಾಲ. ಅದರೊಳಗೆ ಮೂಳೆಯ ಬದಲು ಮೃದ್ವಸ್ಥಿ.

ಆದುದರಿಂದ ಬಲ್ಲವರು ಹೊಸ ಮರಿಯನ್ನು ಮೊದಲ ಒಂದೆರಡು ವಾರ ಮುಟ್ಟುವುದೇ ಇಲ್ಲ. ಆಮೇಲೆ ಅಂಗೈಯನ್ನು ಗೂಡಿನ ನೆಲದ ಮೇಲೆ ಚಾಚಿ ಸುಮ್ಮನಿರುತ್ತಾರೆ. ಮರಿ ನಾಲಗೆಯಿಂದ ಬೆರಳನ್ನು ನೆಕ್ಕಿ ನೋಡುತ್ತದೆ, ಹಿಂಜರಿಯುತ್ತದೆ, ಮತ್ತೊಂದು ದಿನ ತಾನೇ ಏರುತ್ತದೆ. ಎತ್ತಲೇಬೇಕಾದರೆ ಪಕ್ಕದಿಂದ ಕೈ ತಂದು, ಹೊಟ್ಟೆಗೆ ಆಸರೆ ಕೊಟ್ಟು ಎತ್ತಬೇಕು, ಬಾಲವನ್ನಂತೂ ಹಿಡಿಯಲೇಬಾರದು. ಎತ್ತಿಕೊಂಡವರು ನೆಲದ ಮೇಲೆ ಕುಳಿತಿರುವುದು ಲೇಸು: ಮರಿ ಥಟ್ಟನೆ ನೆಗೆದರೂ ಬೀಳುವ ಎತ್ತರ ಗೇಣಷ್ಟೇ. ಬಾಲ ಮೆಲ್ಲನೆ ಹಾವಿನಂತೆ ಹೊರಳಾಡತೊಡಗಿತೆಂದರೆ ಅಂದಿಗೆ ಸಾಕೆಂದು ಅರ್ಥ. ಮರಿಯನ್ನು ಗೂಡಿಗೆ ಬಿಟ್ಟೊಡನೆ ಸೋಪಿನಿಂದ ಕೈ ತೊಳೆಯಬೇಕು. ಇವುಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು.