ಬೆಟ್ಟದ ಬಿಸಿಲು ಕಲಿಸಿದ ಪಾಠ

ಅನ್ಯರಿಗೆ ಹೇಳಿಕೊಡುವ ವಿದ್ಯೆ ಸಮಯಕ್ಕೆ ತನಗೇ ಒದಗಿಬರುವುದು ಅಪರೂಪ. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದ ನಾನು ಪ್ರತಿವರ್ಷವೂ ಮಕ್ಕಳ ಮುಂದೆ ಒಂದು ಮಣ್ಣಿನ ಹೂಜಿಯನ್ನಿಟ್ಟು ಬಾಷ್ಪೀಕರಣದ ಪಾಠ ಮಾಡುತ್ತಿದ್ದೆ. ಹೂಜಿಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಶಾಖವನ್ನೂ ಹೊತ್ತೊಯ್ಯುತ್ತದೆ. ಒಳಗಿನ ನೀರು ತಣ್ಣಗಿರುವುದು ಅದರಿಂದಲೇ. ನಮ್ಮ ದೇಹವೂ ಇಂಥದೇ ಒಂದು ಹೂಜಿ, ಬೆವರು ಅದರ ಜಿನುಗು ಎಂದು ವಿವರಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಮೂರು ಅಂಕ. ಆ ಮೂರು ಅಂಕದ ಪ್ರಶ್ನೆಗೆ ಸ್ವತಃ ನಾನೇ ತಪ್ಪು ಉತ್ತರ ಕೊಟ್ಟ ಪ್ರಸಂಗವನ್ನು ಓದುಗರಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇನೆ.

ನನಗೆ ಐವತ್ತೇಳು ತುಂಬಿದ ವರ್ಷ ವೈದ್ಯರು ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದೆಯೆಂದು ತಿಳಿಸಿ, ದಿನವೂ ತಪ್ಪದೆ ನಡೆಯಬೇಕೆಂದು ವಿಧಿಸಿದರು. ನಡಿಗೆ ಕ್ರಮೇಣ ಓಟವಾಯಿತು. ಮೈಸೂರಿನ ಮುಂಜಾವಿನಲ್ಲಿ ಓಡುವ ಕಿರಿಯರ ಸಹವಾಸ ದೊರೆಯಿತು. ಅವರು “ಮೇಷ್ಟ್ರೇ, ನಿಮಗೆ ವಯಸ್ಸೇ ಆಗಿಲ್ಲ” ಎನ್ನುತ್ತಿದ್ದರು. ಹೊಗಳಿಕೆಯೂ ಒಂದು ಬಗೆಯ ಸಕ್ಕರೆಯೆಂಬುದು ನನಗಾಗ ಹೊಳೆಯಲಿಲ್ಲ. 2018ರ ಏಪ್ರಿಲ್ ತಿಂಗಳಿನಲ್ಲಿ ಚಾಮುಂಡಿ ಬೆಟ್ಟವನ್ನೇರಿ ಇಳಿಯುವ ಇಪ್ಪತ್ತೊಂದು ಕಿಲೋಮೀಟರುಗಳ ಓಟವೊಂದು ಏರ್ಪಾಡಾಗಿದೆಯೆಂದು ತಿಳಿದು ಹೆಸರು ಕೊಟ್ಟೆ. ಎರಡೂವರೆ ಗಂಟೆಯೊಳಗೆ ಮುಗಿಸುವೆನೆಂದು ಗೆಳೆಯರ ಮುಂದೆ ಹೇಳಿಯೂಬಿಟ್ಟೆ.

ಓಟಕ್ಕೆ ನಾಲ್ಕು ದಿನಗಳಿರುವಾಗ ನನಗೆ ಜ್ವರ ಬಂದಿತು. ಎರಡು ದಿನವಿದ್ದು ಇಳಿಯಿತು. ಮನೆಯವಳು, “ಈ ಸಲ ಬೇಡ, ಬೆಟ್ಟ ಮುಂದಿನ ವರ್ಷವೂ ಇರುತ್ತದೆ” ಎಂದಳು. “ಜ್ವರವೆಲ್ಲ ಬಿಟ್ಟುಹೋಗಿದೆ, ಮೈ ಹಗುರವಾಗಿದೆ” ಎಂದು ಉತ್ತರವಿತ್ತೆ. ಅದು ಸುಳ್ಳು. ಹಿಂದಿನ ರಾತ್ರಿಯೂ ಹಣೆ ಬೆಚ್ಚಗಿದ್ದಿತು. ಜ್ವರದಿಂದ ಆಗತಾನೆ ಎದ್ದ ದೇಹಕ್ಕೆ ಶಾಖವನ್ನು ತಡೆಯುವ ಶಕ್ತಿ ಕುಗ್ಗಿರುತ್ತದೆಂಬುದು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುವ ಮಾತು. ಅಷ್ಟನ್ನೂ ತಿಳಿಯದವನು ನಾನಲ್ಲ. ತಿಳಿದೂ ಮರೆಮಾಚಿದೆ.

ಆರು ಗಂಟೆಗೆ ಆರಂಭವಾಗಬೇಕಿದ್ದ ಓಟ ಮುಖ್ಯ ಅತಿಥಿಗಳ ಆಗಮನವನ್ನು ನಿರೀಕ್ಷಿಸುತ್ತ ಏಳೂವರೆಗೆ ಆರಂಭವಾಯಿತು. ಬೇಸಗೆಯಲ್ಲಿ ಆ ಒಂದೂವರೆ ಗಂಟೆಯ ಬೆಲೆ ಎಷ್ಟೆಂಬುದು ಓಡುವವನಿಗೆ ಮಾತ್ರ ಗೊತ್ತು. ಬಯಲಿನ ರಸ್ತೆಯನ್ನು ಮುಗಿಸಿ ಬೆಟ್ಟದ ಬುಡಕ್ಕೆ ಬರುವ ವೇಳೆಗೆ ಬಿಸಿಲು ಬಲಿತಿತ್ತು. ಅಲ್ಲಿ ನೀರಿನ ಮೇಜು ಇದ್ದಿತು. ನಿಂತರೆ ಸಮಯ ಹೋಗುವುದೆಂದು ನಾನು ನಿಲ್ಲಲಿಲ್ಲ.

ಬೆಟ್ಟವೆಂದರೆ ತಂಪು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಲೆಕ್ಕ ಬೇರೆಯೇ ಇದೆ. ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮೈಸೂರು ನಗರದಿಂದ ಚಾಮುಂಡಿ ಬೆಟ್ಟದ ನೆತ್ತಿಗೆ ಇರುವ ಏರಿಕೆ 300 ಮೀಟರುಗಳ ಆಸುಪಾಸಿನದು. ಇದರಿಂದ ದೊರೆಯುವ ತಂಪು ಎರಡು ಡಿಗ್ರಿ ಮಾತ್ರ. ಆದರೆ ಏರುವವನ ದೇಹದೊಳಗೆ ಹುಟ್ಟುವ ಕಾವು ಅದನ್ನು ಎಲ್ಲಿಯೋ ಮೀರಿಸುತ್ತದೆ. ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಸಮತಟ್ಟಾದ ನೆಲದಲ್ಲಿ ಓಡುವವನಿಗೆ ತನ್ನ ವೇಗದಿಂದಲೇ ಗಾಳಿ ಬೀಸುತ್ತದೆ. ಆ ಗಾಳಿ ಬೆವರನ್ನು ಆರಿಸುತ್ತದೆ. ಏರುವಾಗ ಶ್ರಮ ಹೆಚ್ಚು, ವೇಗ ಅರ್ಧ. ಒಲೆ ಉರಿಯುತ್ತದೆ, ಬೀಸಣಿಗೆ ನಿಲ್ಲುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಡಾಂಬರು, ಪಕ್ಕದಿಂದ ಕಾದ ಬಂಡೆ.

ನೀರು ಕುಡಿಯದೆ ನುಗ್ಗಿದ ನಾನು ನಾಲ್ಕೈದು ತಿರುವುಗಳನ್ನು ದಾಟಿರಬಹುದು. ದೂರದಲ್ಲಿ ಲಲಿತಮಹಲು ಬೆಳ್ಳಗೆ ಕಾಣುತ್ತಿತ್ತು. ಅದು ಮೆಲ್ಲಗೆ ಅಲುಗಾಡಿದಂತೆ ತೋರಿತು. ಆಮೇಲೆ ನನಗೆ ಚಳಿಯಾಯಿತು. ಸುಡುಬಿಸಿಲಿನಲ್ಲಿ ತೋಳಿನ ರೋಮಗಳು ನಿಮಿರಿ ನಿಂತವು. ಬಿಸಿಲಿನಲ್ಲಿ ಚಳಿಯಾಗುವುದು ಅಪಾಯದ ಕರೆಗಂಟೆ. ಆದರೆ ಕರೆಗಂಟೆಯನ್ನು ಕೇಳಬೇಕಾದ ಬುದ್ಧಿಯೇ ಆ ಹೊತ್ತಿಗೆ ಮಂಕಾಗಿರುತ್ತದೆ. ಬಿಸಿಲಿನ ಮೋಸವಿರುವುದು ಇಲ್ಲಿಯೇ. ಕಾಲು ಸೋತರೆ ಕಾಲು ಹೇಳುತ್ತದೆ, ಉಸಿರು ಸೋತರೆ ಉಸಿರು ಹೇಳುತ್ತದೆ. ಬುದ್ಧಿ ಸೋತರೆ ಹೇಳುವವರು ಯಾರು?

ಹೇಳಿದವಳು ತಿರುವಿನಲ್ಲಿ ಸೌತೆಕಾಯಿ ಮಾರುತ್ತಿದ್ದ ಒಬ್ಬ ಮುದುಕಿ. “ಕುಂತ್ಕಳಿ ಸ್ವಾಮಿ, ಎಲ್ಲಿಗೋಡ್ತೀರಿ? ಬೆಟ್ಟ ಎಲ್ಲಿಗೂ ಓಡೋಗಕಿಲ್ಲ” ಎಂದು ಗದರಿ ಕೈಹಿಡಿದು ಕೂರಿಸಿದಳು. ಸೌತೆಕಾಯಿಗಳಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ಬಕೀಟಿನ ನೀರನ್ನು ನನ್ನ ನೆತ್ತಿಗೆ, ಕತ್ತಿಗೆ, ಎದೆಗೆ ಸುರಿದಳು. ತನ್ನ ಸೆರಗಿನಿಂದಲೇ ಗಾಳಿ ಬೀಸಿದಳು. “ಯಾವೂರು ಸ್ವಾಮಿ?” ಎಂದು ಕೇಳಿದಳು. ಉತ್ತರ ಹೇಳಲು ಬಾಯಿ ತೆರೆದೆ. ನನ್ನೂರಿನ ಹೆಸರು ನೆನಪಾಗಲಿಲ್ಲ.

ನಂಜನಗೂಡಿನ ಕಡೆಯ ಒಂದು ಚಿಕ್ಕ ಹಳ್ಳಿ ಅದು. ನಾನು ಹುಟ್ಟಿದ್ದು ಅಲ್ಲಿ, ತಂದೆತಾಯಿಗಳು ಮಣ್ಣಾದದ್ದು ಅಲ್ಲಿ. ಆ ಹೆಸರು ಹತ್ತು ನಿಮಿಷಗಳ ಕಾಲ ನನ್ನಲ್ಲಿ ಇರಲಿಲ್ಲ. ಬಿಸಿಲಿಗಿಂತಲೂ ನನ್ನನ್ನು ಹೆಚ್ಚು ಹೆದರಿಸಿದ್ದು ಆ ಹತ್ತು ನಿಮಿಷ. ನೆರಳು, ನೀರು, ಗಾಳಿ ಇವು ಸಕಾಲಕ್ಕೆ ದೊರೆತುದರಿಂದ ಮಧ್ಯಾಹ್ನದ ವೇಳೆಗೆ ಮನುಷ್ಯನಾದೆ. ಮನೆಗೆ ಬಂದಾಗ ಮನೆಯವಳು ಏನನ್ನೂ ಕೇಳದೆ ಹಣೆ ಮುಟ್ಟಿ ನೋಡಿ, “ಜ್ವರ ಬಿಟ್ಟಿರಲಿಲ್ಲ, ಅಲ್ಲವೆ?” ಎಂದಳು. ನಾನು ಉತ್ತರಿಸಲಿಲ್ಲ.

ವಿಶ್ರಾಂತಿಯ ದಿನಗಳಲ್ಲಿ ಈ ವಿಷಯವಾಗಿ ದೊರೆತದ್ದನ್ನೆಲ್ಲ ಓದಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕ್ರೀಡೆಗಳ ಮ್ಯಾರಥಾನ್ ಓಟ ಜುಲೈ 14ರ ಕಡುಬಿಸಿಲಿನಲ್ಲಿ ನಡೆಯಿತು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಗುರಿ ಮುಟ್ಟಲಿಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಎಂಬ ಬಡಗಿ ದಾರಿಯಲ್ಲಿ ಕುಸಿದು ಮರುದಿನ ಬೆಳಿಗ್ಗೆ ತೀರಿಕೊಂಡನು. ಆತ ಬಿಸಿಲಿನಿಂದ ರಕ್ಷಣೆಗೆಂದು ಮೈಗೆಲ್ಲ ಕೊಬ್ಬು ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ಹಾಗಿದ್ದರೆ ಹೂಜಿಯ ರಂಧ್ರಗಳನ್ನು ತಾನೇ ಮುಚ್ಚಿಕೊಂಡಂತಾಯಿತು. ಅದೇ ಓಟದಲ್ಲಿ ಜಪಾನಿನ ಷಿಜೊ ಕನಕುರಿ ಎಂಬಾತ ಶಾಖಕ್ಕೆ ಸೋತು ದಾರಿಬದಿಯ ಮನೆಯವರ ತೋಟವೊಂದರಲ್ಲಿ ನಿಂತು, ಅವರಿತ್ತ ಪಾನೀಯವನ್ನು ಕುಡಿದು, ಓಟವನ್ನು ಅಲ್ಲಿಗೇ ಬಿಟ್ಟನು. ಯಾರಿಗೂ ತಿಳಿಸದೆ ಸ್ವದೇಶಕ್ಕೆ ಮರಳಿದನು. 1967ರಲ್ಲಿ ಅವನನ್ನು ಸ್ಟಾಕ್‌ಹೋಮಿಗೆ ಪುನಃ ಕರೆಸಿ ಅಂತಿಮ ಗೆರೆಯನ್ನು ದಾಟಿಸಿದರು. ಓಟ ಮುಗಿಸಲು ಅವನು ತೆಗೆದುಕೊಂಡ ಕಾಲ 54 ವರ್ಷ, 8 ತಿಂಗಳು, 6 ದಿನಗಳು ಮತ್ತು ಕೆಲವು ಗಂಟೆಗಳು. ಅವನು 1983ರವರೆಗೆ ಬಾಳಿದನು. ಆ ದಿನ ಒಬ್ಬನು ನಿಲ್ಲಲಿಲ್ಲ, ಒಬ್ಬನು ನಿಂತನು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ನನಗೆ ಬೇಕಾಗಲಿಲ್ಲ.

ಮರುವರ್ಷ, ಅಂದರೆ 2019ರಲ್ಲಿ, ಮನೆಯವಳ ಒಪ್ಪಿಗೆ ಪಡೆದೇ ಹೆಸರು ಕೊಟ್ಟೆ. ಈ ಸಲ ಹೂಜಿಯ ಪಾಠವನ್ನು ನನಗೇ ಮಾಡಿಕೊಂಡೆ. ದೇಹವು ಶಾಖಕ್ಕೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ದೇಹ ಬೇಗನೆ ಬೆವರಲಾರಂಭಿಸುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಆದುದರಿಂದ ಎರಡು ವಾರ ಕಾಲ ಹೊತ್ತೇರಿದ ಮೇಲೆ ಮೊದಲು ಸ್ವಲ್ಪ, ಅನಂತರ ಸ್ವಲ್ಪ ಹೆಚ್ಚು ಎಂಬಂತೆ ನಡೆದೆ. ಉಪ್ಪು ಬೆರೆಸಿದ ನೀರುಮಜ್ಜಿಗೆ ಕುಡಿದೆ. ಬಾಯಾರಿಕೆಗೆ ಮೀರಿ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ಅದೂ ಪ್ರಾಣಕ್ಕೆ ಎರವಾಗಬಲ್ಲದೆಂದು ಓದಿದ್ದೆನಾದ್ದರಿಂದ ಆ ಅತಿಗೂ ಹೋಗಲಿಲ್ಲ. ಸಡಿಲವಾದ ತೆಳುಬಣ್ಣದ ಅಂಗಿ, ಕತ್ತಿಗೆ ಒದ್ದೆ ಮಾಡಿದ ವಸ್ತ್ರ. ಏರಿನಲ್ಲಿ ನೂರು ಹೆಜ್ಜೆ ಓಟ, ನೂರು ಹೆಜ್ಜೆ ನಡಿಗೆ. ಕಾಲದ ಗುರಿಯನ್ನು ಯಾರಿಗೂ ಹೇಳಲಿಲ್ಲ. ಆದರೆ ಮನಸ್ಸಿನೊಳಗೆ ಮೂರು ಗಂಟೆಯೆಂಬ ಗುರಿಯೊಂದು ಅಡಗಿ ಕುಳಿತಿತ್ತೆಂದು ಒಪ್ಪಿಕೊಳ್ಳಬೇಕು.

ಅಂದು ಓಟ ಹೊತ್ತಿಗೆ ಸರಿಯಾಗಿ ಆರಂಭವಾಯಿತು. ಹಿಂದಿನ ರಾತ್ರಿ ಮಳೆ ಬಿದ್ದಿದ್ದುದರಿಂದ ನೆಲ ತಂಪಾಗಿತ್ತು, ಎಲ್ಲರೂ ಸಂತೋಷಪಟ್ಟರು. ಆದರೆ ಸೂರ್ಯ ಮೇಲೇರಿದಂತೆ ಆ ನೀರೆಲ್ಲ ಆವಿಯಾಗಿ ಗಾಳಿ ತೇವದಿಂದ ತುಂಬಿತು. ತೇವ ತುಂಬಿದ ಗಾಳಿ ಬೆವರನ್ನು ಹೀರುವುದಿಲ್ಲ. ಚರ್ಮದ ಮೇಲೆ ಆವಿಯಾದ ಒಂದು ಲೀಟರು ಬೆವರು ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ; ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಒಯ್ಯುವುದಿಲ್ಲ. ಮಳೆಗಾಲದಲ್ಲಿ ಹೂಜಿಯ ನೀರು ಹೆಚ್ಚು ತಣ್ಣಗಾಗದಿರುವುದೂ ಇದೇ ಕಾರಣದಿಂದ. ಅಂದು ಎಲ್ಲರ ಬೆವರೂ ನೆಲಕ್ಕೇ ಬೀಳುತ್ತಿತ್ತು.

ಹಳೆಯ ತಿರುವು ಬಂದಿತು. ಸೌತೆಕಾಯಿಯ ಮುದುಕಿ ಅಲ್ಲಿರಲಿಲ್ಲ. ಅವಳು ಕೂರುತ್ತಿದ್ದ ಕಲ್ಲಿನ ಹತ್ತಿರ ಇಪ್ಪತ್ತೈದರ ಪ್ರಾಯದ ತರುಣನೊಬ್ಬ ತೂರಾಡುತ್ತಿದ್ದ. ಮೈ ತುಂಬ ಬೆವರಿತ್ತು. ನಾನು ಕೈಗಡಿಯಾರವನ್ನು ನೋಡಿದೆ. ಮೂರು ಗಂಟೆಯ ಲೆಕ್ಕಕ್ಕೆ ಸರಿಯಾಗಿ ಸಾಗುತ್ತಿದ್ದೆ. ಯಾರಾದರೂ ನೋಡಿಕೊಳ್ಳುತ್ತಾರೆ, ಹಿಂದೆ ಜನ ಬರುತ್ತಿದ್ದಾರೆ ಎಂದುಕೊಂಡು ಮುಂದೆ ಓಡಿದೆ. ಇಪ್ಪತ್ತು ಹೆಜ್ಜೆ ಓಡಿರಬೇಕು. ಕಾಲು ತಾನಾಗಿ ನಿಂತಿತೆಂದರೆ ಅದು ಅಲಂಕಾರದ ಮಾತಾದೀತು, ನಾಚಿಕೆಯಾಗಿ ನಿಂತೆ. ಹಿಂದಿರುಗಿ ಬಂದು ಅವನ ಭುಜ ಹಿಡಿದು ಕೂರಿಸಿ, “ಯಾವೂರಪ್ಪಾ?” ಎಂದು ಕೇಳಿದೆ. ಅವನು ನನ್ನನ್ನು ದಿಟ್ಟಿಸಿ, “ಬಸ್ಸು ಬಂತಾ?” ಎಂದನು.

ಮೈ ಬೆವರುತ್ತಿದ್ದರೆ ಅಪಾಯವಿಲ್ಲವೆಂದು ಅನೇಕರು ತಿಳಿದಿದ್ದಾರೆ. ಓಟಗಾರರ ವಿಷಯದಲ್ಲಿ ಇದು ತಪ್ಪು. ಬೆವರುತ್ತಿರುವಾಗಲೇ ಒಳಗಿನ ಉಷ್ಣತೆ 40 ಡಿಗ್ರಿಯನ್ನು ಮೀರಿರಬಹುದು; ಮಾತು ತಪ್ಪುವುದು ಅದರ ಮುಖ್ಯ ಲಕ್ಷಣ. ಆಗ ಮೊದಲು ಮಾಡಬೇಕಾದ ಕೆಲಸ ದೇಹವನ್ನು ತಣಿಸುವುದು, ಸಾಗಿಸುವುದು ಆಮೇಲೆ. ತಣ್ಣೀರಿನಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಉತ್ತಮ. ಬೆಟ್ಟದ ಮೇಲೆ ಅಂಥ ತೊಟ್ಟಿ ಎಲ್ಲಿಯದು? ಹಿಂದಿನಿಂದ ಬಂದ ಇಬ್ಬರು ಹುಡುಗರನ್ನು ನೀರಿನ ಮೇಜಿಗೆ ಓಡಿಸಿ ಮಂಜುಗಡ್ಡೆಯನ್ನೂ ಕ್ಯಾನುಗಳಲ್ಲಿ ನೀರನ್ನೂ ತರಿಸಿದೆವು. ನೆರಳಿಗೆ ಎತ್ತಿ ಒಯ್ದು, ಅಂಗಿ ಬಿಚ್ಚಿ, ಮೈಮೇಲೆಲ್ಲ ನೀರು ಸುರಿದು, ಕತ್ತಿಗೂ ಕಂಕುಳಿಗೂ ತೊಡೆಯ ಸಂದಿಗೂ ಮಂಜುಗಡ್ಡೆಯಿಟ್ಟು, ಅಂಗಿಯಿಂದಲೇ ಗಾಳಿ ಬೀಸಿದೆವು. ಯಾರೋ ಬಾಯಿಗೆ ನೀರು ಹಾಕಲು ಹೋದರು. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಬಾರದೆಂದು ತಡೆದೆ. 108ಕ್ಕೆ ಕರೆ ಹೋಯಿತು. ವಾಹನ ಬರುವ ಹೊತ್ತಿಗೆ ಅವನು ತನ್ನ ಊರಿನ ಹೆಸರನ್ನು ಹೇಳಿದನು. ನನ್ನ ಕಣ್ಣಲ್ಲಿ ನೀರು ಬಂದುದು ಯಾಕೆಂದು ಸುತ್ತ ಇದ್ದವರಿಗೆ ಅರ್ಥವಾಗಲಿಲ್ಲ. ಸಂಜೆ ಅವನು ಚೇತರಿಸಿಕೊಂಡನೆಂಬ ಸುದ್ದಿ ಬಂದಿತು.

ನಾನು ಮತ್ತೆ ಹೊರಟು ಬೆಟ್ಟದ ನೆತ್ತಿಯನ್ನು ಮುಟ್ಟಿ ಇಳಿದು ಬಂದಾಗ ನಾಲ್ಕು ಗಂಟೆಗಳೇ ಕಳೆದಿದ್ದವು. ಶಾಮಿಯಾನವನ್ನು ಬಿಚ್ಚುತ್ತಿದ್ದರು. ಪದಕಗಳ ಪೆಟ್ಟಿಗೆ ಖಾಲಿಯಾಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೋಹಾ ನಗರದ ವಿಶ್ವಕೂಟದಲ್ಲಿ ಬಿಸಿಲಿಗಂಜಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಯಲ್ಲಿ ಓಡಿಸಿದರು. ಆದರೂ ತೇವದ ಸೆಕೆಗೆ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೆ ನಿಂತರು. ಆ ಸುದ್ದಿಯನ್ನು ಓದಿದಾಗ, ಜಗತ್ತಿನ ಅತ್ಯುತ್ತಮ ಓಟಗಾರ್ತಿಯರೇ ನಿಲ್ಲುವುದನ್ನು ಅವಮಾನವೆಂದು ಎಣಿಸಲಿಲ್ಲವಲ್ಲ ಎಂದು ಮನಸ್ಸು ಹಗುರಾಯಿತು. ಬಿಸಿಲಿನ ಮುಂದೆ ಛಲ ಒಂದು ಗುಣವಲ್ಲ. ಬಿಸಿಲು ನಮ್ಮ ಶತ್ರುವೂ ಅಲ್ಲ. ಅದು ತನ್ನ ಲೆಕ್ಕವನ್ನು ತಾನು ಮಾಡುತ್ತದೆ. ನಮ್ಮ ಲೆಕ್ಕವನ್ನು ನಾವು ಸುಳ್ಳಿಲ್ಲದೆ ಮಾಡಿಕೊಂಡರೆ ಬೆಟ್ಟವನ್ನು ಏರಬಹುದು, ಮರಳಿ ಮನೆಗೂ ಬರಬಹುದು.

ಅಂದು ಮನೆಯವಳಿಗೆ ನಡೆದುದನ್ನೆಲ್ಲ ಹೇಳಿದೆ. ಹಿಂದಿನ ವರ್ಷದ ಜ್ವರದ ಸುಳ್ಳನ್ನೂ ಒಪ್ಪಿಕೊಂಡೆ. ಅವಳು ನಕ್ಕು, “ಅದು ನನಗೆ ಅಂದೇ ಗೊತ್ತಿತ್ತು” ಎಂದಳು. ಆದರೆ ಆ ತರುಣನನ್ನು ದಾಟಿ ಓಡಿದ ಇಪ್ಪತ್ತು ಹೆಜ್ಜೆಗಳ ವಿಷಯವನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ. ಈ ಪತ್ರಿಕೆ ನಮ್ಮ ಮನೆಗೆ ತಿಂಗಳು ತಿಂಗಳೂ ಬರುತ್ತದೆ; ಅವಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಾಳೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ.