ಕೆಂಚನ ಕೃಪೆಯಿಂದ ಊರು ಕಂಡೆ

ನಗಬೇಡಿ, ನನಗೆ ಬೆಂಗಳೂರನ್ನು ತೋರಿಸಿಕೊಟ್ಟದ್ದು ಒಂದು ನಾಯಿ. ಅದೂ ಮದುವೆಯಾಗಿ ಬಸವನಗುಡಿಗೆ ಬಂದು ಮೂವತ್ತೈದು ವರ್ಷ ಕಳೆದ ಮೇಲೆ!

ಅಲ್ಲಿಯ ತನಕ ನಾನೇನು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲವೆಂದಲ್ಲ. ಹೂವು ತರಕಾರಿಗೆ ಗಾಂಧಿ ಬಜಾರು, ಸಂಕಷ್ಟಿಗೆ ದೊಡ್ಡ ಗಣಪತಿ, ಮಕ್ಕಳನ್ನು ಬಿಡಲು ಸ್ಕೂಲು, ಅತ್ತೆಯವರನ್ನು ತೋರಿಸಲು ಡಾಕ್ಟರ ಷಾಪು. ಯಾವಾಗಲೂ ಕೈಯಲ್ಲೊಂದು ಚೀಲ, ತಲೆಯಲ್ಲೊಂದು ಕೆಲಸ. ಏನೂ ಕೆಲಸವಿಲ್ಲದೆ, ನಡೆಯುವುದಕ್ಕೋಸ್ಕರವೇ ನಡೆಯುವುದು ಗಂಡಸರ ಪಾಲಿನದು ಎಂದುಕೊಂಡಿದ್ದೆ. ಒಂದೆರಡು ಸಲ ಹೊರಟೂ ನೋಡಿದೆ. ಎದುರು ಸಿಕ್ಕವರೆಲ್ಲ "ಎಲ್ಲಿಗೆ ಹೊರಟ್ರಿ?" ಅನ್ನುವವರೇ. "ಸುಮ್ನೆ" ಅಂದರೆ ನಂಬುತ್ತಾರೆಯೇ? ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಎರಡು ದಿನಕ್ಕೇ ಸಾಕಾಗಿ ಹೋಯಿತು.

2020ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಮುಚ್ಚಿದ ಹೋಟೆಲೊಂದರ ಮೆಟ್ಟಿಲ ಮೇಲೆ ಕುಂಯ್ ಕುಂಯ್ ಅನ್ನುತ್ತಿದ್ದ ಮರಿಯೊಂದನ್ನು ನನ್ನ ಮಗ ಷರಟಿನೊಳಗೆ ಇಟ್ಟುಕೊಂಡು ಬಂದ. ಕೆಂಚು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಶುದ್ಧ ನಾಡನಾಯಿ. ಅತ್ತೆಯವರು ಬದುಕಿದ್ದಿದ್ದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ನಾನೂ "ನಾಳೆ ಎಲ್ಲಾದರೂ ಬಿಟ್ಟು ಬಾ" ಅಂದೆ. ಆ ನಾಳೆ ಬರಲೇ ಇಲ್ಲ. 2022ರಲ್ಲಿ ಮಗ ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಕೆಂಚನ ಹಗ್ಗ ನನ್ನ ಕೈಗೆ ಬಂತು. ನಮ್ಮವರಿಗೆ ಮಂಡಿ ನೋವು, ಅವರು ಗೇಟಿನವರೆಗೆ ಬಂದರೆ ಹೆಚ್ಚು.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಹೊರಟಾಗ ಒಂದು ವಿಚಿತ್ರ ನಡೆಯಿತು. ಎದುರುಮನೆಯವರು ಕಂಡರು, ಹಾಲಿನ ಬೂತಿನವನು ಕಂಡ, ಒಬ್ಬರೂ "ಎಲ್ಲಿಗೆ?" ಅನ್ನಲಿಲ್ಲ. ನೋಡಿ, ನಾಯಿ ಇದ್ದರೆ ಹೆಂಗಸಿಗೆ ಕಾರಣ ಇದ್ದ ಹಾಗೆ! ಹಗ್ಗ ಹಿಡಿದಿದ್ದವಳು ನಾನಾದರೂ ಪರವಾನಗಿ ಅವನದು.

ನೀವು ಬಸವನಗುಡಿಗೆ ಬಂದರೆ ದೊಡ್ಡ ರಸ್ತೆಗಳನ್ನಷ್ಟೇ ನೋಡಿ ಹೋಗಬೇಡಿ. 1898ರಲ್ಲಿ ಪ್ಲೇಗು ಬಂದು ಹಳೇ ಪೇಟೆಯ ಜನ ತತ್ತರಿಸಿದಾಗ ಗಾಳಿ ಬೆಳಕು ಇರಲೆಂದು ಮಲ್ಲೇಶ್ವರದ ಜೊತೆಗೇ ಮಾಡಿದ ಬಡಾವಣೆ ಇದು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಎಂಬ ಸಣ್ಣ ಓಣಿಗಳನ್ನು ಬಿಟ್ಟರು. ಹಿಂದೆ ಜಾಡಮಾಲಿಗಳು ಓಡಾಡಲೆಂದು ಇದ್ದ ದಾರಿ. ಈಗಲೂ ಅಲ್ಲಲ್ಲಿ ಉಳಿದಿವೆ. ನಾನು ಇಷ್ಟು ವರ್ಷ ಅತ್ತ ತಲೆ ಹಾಕಿರಲಿಲ್ಲ, ಕೆಂಚ ಎಳೆದುಕೊಂಡು ಹೋದ. ಗೋಡೆಯಾಚೆಯಿಂದ ಇಣುಕುವ ದಾಸವಾಳ, ಯಾರದೋ ಹಿತ್ತಲ ಹಲಸು, ಒಗ್ಗರಣೆಯ ವಾಸನೆ, ಎಲ್ಲೋ ರೇಡಿಯೋದ ಸುಪ್ರಭಾತ. ಮುಂಬಾಗಿಲಲ್ಲಿ ಮಾರ್ಬಲ್ಲು ಹಾಕಿಸಿದ ಮನೆಯೂ ಹಿಂದುಗಡೆಯಿಂದ ನೋಡಿದರೆ ಇನ್ನೂ ನಮ್ಮ ಕಾಲದ ಮನೆಯೇ. ಅಲ್ಲಿಂದ ಕಹಳೆ ಬಂಡೆಯ ಪಕ್ಕದ ರಸ್ತೆಗೆ ಬಂದರೆ ಮರಗಳ ತುಂಬ ಬಾವಲಿಗಳು ರಾತ್ರಿಪಾಳಿ ಮುಗಿಸಿಕೊಂಡು ಬಂದು ತಲೆಕೆಳಗಾಗಿ ನೇತುಬೀಳುವ ಹೊತ್ತು. ಕೆಂಚ ನಿಂತು ಕತ್ತು ಎತ್ತಿ ನೋಡುತ್ತಾನೆ, ಬೊಗಳುವುದಿಲ್ಲ. ಅವನಿಗೂ ಅದೊಂದು ಅರ್ಥವಾಗದ ಸಂಸಾರ.

ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮಾತ್ರ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಹಿಂದಿನ ದಿನ ನಸುಕಿನಲ್ಲಿ, ಮೂಟೆಗಳನ್ನು ಬಿಚ್ಚುವಾಗಲೇ ಒಂದು ಸುತ್ತು ಹಾಕಿಸಿ ತರುತ್ತೇನೆ. ಹಸಿ ಮಣ್ಣಿನ ವಾಸನೆ ಹೊತ್ತ ಕಾಯಿ ರಾಶಿ ರಾಶಿ, ಅವನ ಮೂಗಿಗೆ ಹಬ್ಬ.

ಅಲ್ಲಿಂದ ಲಾಲ್‌ಬಾಗಿನ ಪಶ್ಚಿಮದ ಗೇಟಿಗೆ ನಡೆಯುತ್ತೇವೆ. ಒಳಗೆ ನಾಯಿಗೆ ಪ್ರವೇಶವಿಲ್ಲ. ಮೊದಮೊದಲು ನನಗೆ ಸಿಟ್ಟು. 1760ರಲ್ಲಿ ಹೈದರಾಲಿ ಶುರುಮಾಡಿದ 240 ಎಕರೆಯ ತೋಟದಲ್ಲಿ ಒಂದು ನಾಯಿಗೆ ಜಾಗವಿಲ್ಲವೇ ಎಂದು ಕಾವಲುಗಾರರ ಹತ್ತಿರ ವಾದ ಹೂಡಿದ್ದೆ. ಅವರು ಕೈಮುಗಿದು "ಬೋರ್ಡು ನಾನು ಬರ್ದಿದ್ದಲ್ಲಮ್ಮ" ಅಂದರು. ಹಾಗಾಗಿ ಗೇಟಿನ ಹೊರಗೆ ಹೂವು ಕಟ್ಟುವ ಹೆಂಗಸಿನ ಪಕ್ಕ ಹತ್ತು ನಿಮಿಷ ಕೂತು, ಒಳಗಿಂದ ಬರುವ ತಂಗಾಳಿಯನ್ನೇ ಕುಡಿದು ವಾಪಸ್ಸು. ಆಕೆ ತನ್ನ ಇಡ್ಲಿಯಲ್ಲಿ ಒಂದು ತುಂಡು ಕೆಂಚನಿಗೆ ಹಾಕುವುದು, ಅವನು ಅದಕ್ಕೆಂದೇ ಮುಂಗಾಲು ಕೊಡುವುದು, ಎರಡು ವರ್ಷ ನಡೆದ ವಹಿವಾಟು.

ನಾಯಿಯೊಡನೆ ನಿಜವಾಗಿ ಕಾಲಾಡಿಸಬೇಕೆಂದರೆ ಕಬ್ಬನ್ ಪಾರ್ಕು. ಭಾನುವಾರ ಬೆಳಿಗ್ಗೆ ಹೋಗಿ, ಅಂದು ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಮೆಟ್ರೋದಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಆಟೋದವರು ಮೊದಲು ನಾಯಿಯ ಮುಖ ನೋಡುತ್ತಾರೆ, ಆಮೇಲೆ ಮೀಟರಿನ ಮೇಲೆ ಎಷ್ಟು ಎಂದು ಹೇಳುತ್ತಾರೆ. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರು ಮಾಡಿಸಿದ ತೋಟ. ಒಂದು ಕಡೆ ಅಠಾರಾ ಕಛೇರಿಯ ಕೆಂಪು ಕಂಬಗಳು, ಇನ್ನೊಂದು ಕಡೆ ಬಿದಿರ ಮೆಳೆ. ಗಾಳಿ ಬೀಸಿದರೆ ಆ ಬಿದಿರು ಹಳೇ ಬಾಗಿಲಿನ ಹಾಗೆ ಕಿರಗುಟ್ಟುತ್ತದೆ. ಅಲ್ಲಿ ಬರುವ ನಾಯಿಗಳನ್ನು ನೀವು ನೋಡಬೇಕು, ಕೋಟು ಹಾಕಿದವು, ಬಾಚಣಿಗೆ ಹಾಕಿಸಿಕೊಂಡವು, ಇಂಗ್ಲಿಷ್ ಮಾತ್ರ ಅರ್ಥವಾಗುವವು. ಒಬ್ಬ ಹುಡುಗಿ "ಆಂಟೀ, ಇದು ಯಾವ ಬ್ರೀಡು?" ಅಂದಳು. "ಹೋಟೆಲ್ ಮೆಟ್ಟಿಲು" ಅಂದೆ. ಪಾಪ, ಫೋನಿನಲ್ಲಿ ಹುಡುಕತೊಡಗಿದಳು. ಒಂದು ಎಚ್ಚರಿಕೆ, ಅಲ್ಲಿಯ ಹುಲ್ಲಿನಲ್ಲಿ ಉಣ್ಣೆ ಹತ್ತಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ. ಉಣ್ಣೆಯಿಂದ ಬರುವ ಜ್ವರ ನಾಯಿಯ ಜೀವಕ್ಕೇ ಬರುತ್ತದೆ.

ಜಯನಗರದ ಅಡ್ಡರಸ್ತೆಗಳು ಹೂವಿನ ಕಾಲಕ್ಕೆ. ಏಪ್ರಿಲ್ಲಿನಲ್ಲಿ ಹೊಂಗೆ ಹೂವು ಹಾಸಿ ಬಿದ್ದಿರುತ್ತದೆ, ಮಳೆ ನಿಂತ ಮೇಲೆ ಅಕ್ಟೋಬರು ನವೆಂಬರಿನಲ್ಲಿ ಆಕಾಶಮಲ್ಲಿಗೆ. ಏಪ್ರಿಲ್ಲಿನಲ್ಲೇ ನಾನೊಂದು ತಪ್ಪು ಮಾಡಿದೆ. ಬೆಳಿಗ್ಗೆ ನೆಂಟರು ಬಂದಿದ್ದರೆಂದು ಹನ್ನೊಂದು ಗಂಟೆಗೆ ಹೊರಟೆ. ಕೆಂಚ ಕುಂಟುತ್ತ, ನೆರಳಿನಿಂದ ನೆರಳಿಗೆ ಹಾರುತ್ತ ಬಂದ. ಚೇಷ್ಟೆ ಎಂದುಕೊಂಡು ಗದರಿದೆ. ಮನೆಗೆ ಬಂದು ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ನನಗೆ ಚಪ್ಪಲಿ ಇತ್ತು, ಅವನಿಗೆ ಎಲ್ಲಿ? ಈಗ ಬಿಸಿಲಿದ್ದರೆ ಮೊದಲು ನನ್ನ ಹಿಂಗೈಯನ್ನು ಟಾರಿನ ಮೇಲೆ ಇಟ್ಟು ನೋಡುತ್ತೇನೆ. ಐದು ಎಣಿಸುವವರೆಗೆ ತಡೆಯಲಾಗದಿದ್ದರೆ ಹೊರಡುವುದೇ ಇಲ್ಲ.

ಊರಾಚೆ ಹೋಗಿದ್ದು ಒಂದೇ ಸಲ, ತಮ್ಮನ ಕಾರಿನಲ್ಲಿ ಹೆಸರಘಟ್ಟಕ್ಕೆ. ಬೆಂಗಳೂರಿಗೆ ಕೊಳಾಯಿ ನೀರು ಕೊಡಲು 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ಅದು. ಕೆರೆಯಾಚೆಗೆ ಹುಲ್ಲುಗಾವಲು, ಕಣ್ಣಿಗೆ ಅಡ್ಡ ಬರುವ ಒಂದು ಕಟ್ಟಡವಿಲ್ಲ. ಅಷ್ಟು ದೊಡ್ಡ ಆಕಾಶ ನೋಡಿ ನನ್ನ ಬುದ್ಧಿಯೂ ಬಿಚ್ಚಿಕೊಂಡಿತು, ಕೆಂಚನ ಹಗ್ಗ ಬಿಚ್ಚಿಬಿಟ್ಟೆ. ಅವನು ಬಾಣದಂತೆ ಹೋದ. ಮರುಕ್ಷಣ ಎರಡು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಚೀರಾಡತೊಡಗಿದವು. ಅವು ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ ಕಣ್ರೀ, ಗೂಡು ಅಂತ ಏನೂ ಇರುವುದಿಲ್ಲ, ಬರೀ ನಾಲ್ಕು ಕಲ್ಲು. ತಮ್ಮ ಓಡಿ ಹೋಗಿ ಹಿಡಿದುಕೊಂಡು ಬಂದ. ಮೊಟ್ಟೆಗಳು ಉಳಿದವೋ ಏನೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಂದಿನಿಂದ ಲಾಲ್‌ಬಾಗಿನ ಬೋರ್ಡಿನ ಮೇಲೆ, ಕೆರೆಗಳ ಗೇಟಿನ ಬೋರ್ಡುಗಳ ಮೇಲೆ ನನಗೆ ಸಿಟ್ಟಿಲ್ಲ. ತುರಹಳ್ಳಿ ಕಾಡಿನ ಕಡೆ ಸೂರ್ಯೋದಯ ಚೆನ್ನ ಎಂದು ಕೆಲವರು ಕರೆದರು. 2022ರಲ್ಲಿ ಅಲ್ಲಿ ಚಿರತೆ ಓಡಾಡಿದ ಸುದ್ದಿ ಓದಿದ್ದೆ. ಚಿರತೆಗೆ ನಾಯಿಯೆಂದರೆ ಹೋಳಿಗೆ. ನಾವು ಹೋಗಲಿಲ್ಲ.

ಇನ್ನು ನಾನು ಬರೆಯಲೆಂದು ಕೂತ ವಿಷಯ. 2023ರ ದೀಪಾವಳಿ, ನರಕಚತುರ್ದಶಿಯ ರಾತ್ರಿ. ಯಾರೋ ಹುಡುಗರು ನಮ್ಮ ಗೇಟಿನ ಪಕ್ಕದಲ್ಲೇ ಲಕ್ಷ್ಮೀಪಟಾಕಿ ಸರ ಹಚ್ಚಿದರು. ನಾನು ಆರತಿ ತಟ್ಟೆ ಹಿಡಿದು ಬಾಗಿಲು ತೆರೆದಿದ್ದೆ. ಕೆಂಚ ನನ್ನ ಕಾಲ ಸಂದಿಯಿಂದ ನುಗ್ಗಿ, ಕಾಂಪೌಂಡು ಹಾರಿ, ಹೊಗೆಯೊಳಗೆ ಮಾಯವಾದ.

"ನಾಯಿ ತಾನೆ, ದಾರಿ ಗೊತ್ತಿರತ್ತೆ, ಬರತ್ತೆ" ಅಂದರು ನಮ್ಮವರು. ಒಂಬತ್ತಾಯಿತು, ಹತ್ತಾಯಿತು. ನಾನು ಹಗ್ಗ ತೆಗೆದುಕೊಂಡು ಹೊರಟೆ. ಕೂಗಿದರೆ ಪಟಾಕಿಯಲ್ಲಿ ನನ್ನ ದನಿ ನನಗೇ ಕೇಳಿಸದು. ನಾನು ಅಷ್ಟು ಚೆನ್ನಾಗಿ ಬಲ್ಲೆ ಅಂದುಕೊಂಡಿದ್ದ ಓಣಿಗಳು ಅವನಿಲ್ಲದೆ ಯಾವುದೋ ಊರಿನ ಓಣಿಗಳಾಗಿದ್ದವು. ಒಂದು ತಿರುವಿನಲ್ಲಿ ಗಸ್ತಿನ ಪೊಲೀಸಿನವರು ಬೈಕು ನಿಲ್ಲಿಸಿದರು. "ಯಾಕಮ್ಮಾ, ಈ ಹೊತ್ನಲ್ಲಿ ಒಬ್ರೇ? ಕೈಲಿ ಹಗ್ಗ ಬೇರೆ!" ಅಂದರು. ಅವರು ಏನು ಎಣಿಸಿದ್ದರೆಂದು ನನಗೆ ಹೊಳೆದದ್ದು ಎರಡು ನಿಮಿಷದ ಮೇಲೆ. ಅಲ್ಲೇ ರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಟಾರ್ಚಿನ ಬೆಳಕು. ನೋಡಿದರೆ ನಮ್ಮವರು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಕುಂಟುತ್ತ, "ಕೆಂಚಾ, ಏ ಕೆಂಚಾ" ಎಂದು ಕೂಗುತ್ತ ಬರುತ್ತಿದ್ದಾರೆ. ಅವನ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅದುವರೆಗೂ "ನಿನ್ನ ನಾಯಿ" ಎಂದೇ.

ಹನ್ನೆರಡಕ್ಕೆ ಮನೆಗೆ ಬಂದೆವು, ಮಲಗಲಿಲ್ಲ. ನಾಲ್ಕೂವರೆಗೆ ನಾನು ಮತ್ತೆ ಹೊರಟೆ. ಹಾಲಿನ ಬೂತಿನವನು ಕ್ರೇಟು ಇಳಿಸುತ್ತಿದ್ದ. ನನ್ನನ್ನು ಕಂಡವನೇ, "ಅಮ್ಮಾ, ನಿಮ್ ಕೆಂಚ ಆಗ್ಲೇ ಈ ಕಡೆ ಓಡ್ತಿದ್ದ, ಕರೆದ್ರೂ ನಿಲ್ಲಲಿಲ್ಲ" ಎಂದು ಕೈ ತೋರಿಸಿದ. ಮುಂದೆ ಪಟಾಕಿಯ ಕಾಗದ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸರು ನಾನು ಕೇಳುವ ಮುಂಚೆಯೇ "ಲಾಲ್‌ಬಾಗ್ ಕಡೆ ಹೋದ ನೋಡಮ್ಮಾ" ಅಂದರು. ಇವರಿಗೆಲ್ಲ ಅವನ ಹೆಸರು ಯಾವಾಗ ಗೊತ್ತಾಯಿತು!

ಪಶ್ಚಿಮದ ಗೇಟಿಗೆ ಬಂದರೆ, ಬೀದಿದೀಪದ ಕೆಳಗೆ ಹೂವಿನಾಕೆ ಹಬ್ಬದ ಚೆಂಡುಹೂವಿನ ರಾಶಿ ಹಾಕಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಕೆಂಚ, ಗೋಣಿಯ ಮೇಲೆ, ಇನ್ನೂ ನಡುಗುತ್ತ. ಬೆಲ್ಟಿಗೆ ಬಾಳೆನಾರು ಹೊಸೆದು ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಬುಟ್ಟಿಗೆ ಬಿಗಿದಿದ್ದಾಳೆ. ಅವನು ಮನಸ್ಸು ಮಾಡಿದ್ದರೆ ಒಂದೇ ಎಳೆತಕ್ಕೆ ಕಿತ್ತುಹೋಗುತ್ತಿತ್ತು.

"ಮೂರು ಗಂಟೇಲಿ ಹೂವು ಇಳಿಸ್ತಿದ್ದೆ, ಬಂದು ಸೆರಗಿನಡಿ ತಲೆ ಹಾಕ್ದ. ನಿಮ್ ಮನೆ ಎಲ್ಲೀಂತ ನಂಗೇನ್ ಗೊತ್ತು? ಬೆಳಗಾದ್ರೆ ಕೆಂಚನ ಅಮ್ಮ ಬಂದೇ ಬರ್ತಾರೆ ಅಂತ ಕಟ್ಕೊಂಡಿದ್ದೆ" ಅಂದಳು.

ಬಸವನಗುಡಿಯಲ್ಲಿ ನಾನು ಇಂಥವರ ಸೊಸೆ, ಇಂಥವರ ಹೆಂಡತಿ, ಇಂಥ ಹುಡುಗನ ತಾಯಿ ಎಂದು ಕರೆಸಿಕೊಂಡವಳು. ಇದೂ ಅಂಥದ್ದೇ ಒಂದು ಹೆಸರು ಎಂದು ನೀವು ಅನ್ನಬಹುದು. ಆದರೆ ಇದು ನನ್ನ ಕಾಲಿನಿಂದಲೇ ನಡೆದು ಸಂಪಾದಿಸಿದ್ದು. ಹಣ ಕೊಡಲು ಹೋದೆ, ಆಕೆ ಮುಖ ತಿರುಗಿಸಿದಳು. ಎರಡು ವರ್ಷ ಪಕ್ಕದಲ್ಲಿ ಕೂತೂ ಆಕೆಯ ಹೆಸರು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಗಿ, ಕೇಳಿದೆ. ನನ್ನದನ್ನೂ ಹೇಳಿದೆ.

ಈಗ ಕೆಂಚನ ಬೆಲ್ಟಿನಲ್ಲಿ ನಮ್ಮ ಫೋನ್ ನಂಬರು ಕೆತ್ತಿಸಿದ ಬಿಲ್ಲೆ ಇದೆ. ದೀಪಾವಳಿಯ ಮೂರು ದಿನ ಸಂಜೆ ಆರಕ್ಕೆ ಮುಂಚೆಯೇ ಅವನ ತಿರುಗಾಟ ಮುಗಿಸಿ, ನಡುಮನೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ರೇಡಿಯೋ ಜೋರಾಗಿ ಹಾಕಿ, ನಮ್ಮವರೇ ಜೊತೆಗೆ ಕೂರುತ್ತಾರೆ. ಮೊಸರನ್ನ ಕಲಸಿ ಕೊಡುತ್ತೇನೆ. ಪಾಯಸ ಕೊಡಬೇಡಿ, ದ್ರಾಕ್ಷಿ ನಾಯಿಗೆ ವಿಷ, ಈರುಳ್ಳಿಯೂ ಅಷ್ಟೆ.

ಬೆಳಗಿನ ಹೊತ್ತು ಒಂದು ಸಣ್ಣ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತೇನೆ, ಎರಡು ಲೋಟ. ಹೂವಿನಾಕೆಗೆ ಸಕ್ಕರೆ ಮುಂದಿರಬೇಕು.